ಮಂಗಳೂರಿನಿಂದ ನ್ಯೂಯಾರ್ಕ್‌ಗೆ ಎಷ್ಟು ದೂರ, ಎಷ್ಟು ಹೊತ್ತು? ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಣಿಪಾಲ, ಮಂಗಳೂರು ಕಡೆಯ ಎಷ್ಟೋ ಮನೆಗಳ ಮಕ್ಕಳು ಈಗ ಅಮೆರಿಕದಲ್ಲಿದ್ದಾರೆ. ಮಗಳ ಬಾಣಂತನಕ್ಕೆ, ಮಗನ ಹೊಸ ಮನೆಯ ಒಕ್ಕಲಿಗೆ ಅಂತ ಅರವತ್ತು ದಾಟಿದವರು ಮೊದಲ ಸಲ ಅಷ್ಟು ದೂರ ಹೊರಡುತ್ತಾರೆ. ಹೊರಡುವ ಮೊದಲು ಅವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಫೋನಿನಲ್ಲಿ ನನ್ನ ಹತ್ತಿರ ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ಕೆಳಗೆ ಉತ್ತರ ಕೊಟ್ಟಿದ್ದೇನೆ. ಸುಲಭದ್ದು ಮೊದಲು, ಸ್ವಲ್ಪ ತಲೆ ಓಡಿಸಬೇಕಾದದ್ದು ಕೊನೆಗೆ.

## ಮೊದಲಿಗೆ ಕೇಳುವುದು

ಮಂಗಳೂರಿನಿಂದ ನ್ಯೂಯಾರ್ಕ್‌ಗೆ ಎಷ್ಟು ಕಿಲೋಮೀಟರ್ ಉಂಟು?

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ನ್ಯೂಯಾರ್ಕಿನ ಜಾನ್ ಎಫ್. ಕೆನಡಿ ನಿಲ್ದಾಣಕ್ಕೆ ಭೂಮಿಯ ಮೇಲಿನ ಅತಿ ಹತ್ತಿರದ ದಾರಿ ಸುಮಾರು 13,240 ಕಿ.ಮೀ. ಮೈಲಿನಲ್ಲಿ ಹೇಳಿದರೆ 8,230ರ ಹತ್ತಿರ. ವಿಮಾನದವರು ಬಳಸುವ ನಾಟಿಕಲ್ ಮೈಲು ಬೇರೆಯದು, ಅದು 1.852 ಕಿ.ಮೀ. ಆ ಲೆಕ್ಕದಲ್ಲಿ 7,150. ಇಂಟರ್ನೆಟ್‌ನಲ್ಲಿ ಮೂರು ಕಡೆ ಮೂರು ಸಂಖ್ಯೆ ಕಂಡರೆ ಗಾಬರಿ ಬೇಡ. ಹೆಚ್ಚಿನ ಸಲ ಮೈಲಿನ ಜಾತಿ ಬೇರೆ ಆಗಿರುತ್ತದೆ, ಅಷ್ಟೇ.

ಇದು ಎಷ್ಟು ದೊಡ್ಡ ದೂರ ಅಂತ ಮನಸ್ಸಿಗೆ ಬರಬೇಕಾದರೆ ಹೀಗೆ ನೋಡಿ. ಉಡುಪಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 400 ಕಿ.ಮೀ. ಹದಿನಾರು ಸಲ ಹೋಗಿ ಬಂದರೆ ನ್ಯೂಯಾರ್ಕಿನ ದೂರ ಆಗುತ್ತದೆ. ಭೂಮಿಯ ಮೇಲೆ ಯಾವ ಎರಡು ಊರುಗಳ ನಡುವೆಯೂ 20,000 ಕಿ.ಮೀ.ಗಿಂತ ಜಾಸ್ತಿ ದೂರ ಇರಲು ಸಾಧ್ಯವಿಲ್ಲ. ಅದರಲ್ಲಿ ಮೂರನೇ ಎರಡು ಭಾಗ ನೀವು ದಾಟುತ್ತೀರಿ.

ಹಾಗಾದ್ರೆ ಎಷ್ಟು ಗಂಟೆ ಬೇಕು? ಒಂದು ದಿನದಲ್ಲಿ ಮುಟ್ಟಬಹುದಾ?

ದೊಡ್ಡ ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ಹಾರುತ್ತದೆ. ಬರೀ ಭಾಗಾಕಾರ ಮಾಡಿದರೆ 15 ಗಂಟೆಯೊಳಗೆ ಮುಗಿಯಬೇಕು. ಆದರೆ ಮಂಗಳೂರಿನಿಂದ ನೇರ ವಿಮಾನ ಇಲ್ಲ. ಎಲ್ಲೋ ಒಂದು ಕಡೆ ಇಳಿದು ಹತ್ತಬೇಕು. ಹಾಗಾಗಿ ಬಜ್ಪೆಯಲ್ಲಿ ವಿಮಾನ ಏರಿದಲ್ಲಿಂದ ನ್ಯೂಯಾರ್ಕ್‌ನಲ್ಲಿ ಇಳಿಯುವ ತನಕ, ಕನೆಕ್ಷನ್ ಚೆನ್ನಾಗಿದ್ದರೆ 21ರಿಂದ 24 ಗಂಟೆ. ಚೆನ್ನಾಗಿಲ್ಲದಿದ್ದರೆ 30 ಗಂಟೆ, ಅದಕ್ಕಿಂತ ಜಾಸ್ತಿಯೂ ಆಗುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಹಾರುವ ಹೊತ್ತು ಯಾವ ದಾರಿಯಲ್ಲಿ ಹೋದರೂ ಹೆಚ್ಚು ಕಡಿಮೆ ಅಷ್ಟೇ. ಬದಲಾಗುವುದು ಕಾಯುವ ಹೊತ್ತು. ಟಿಕೆಟ್ ನೋಡುವಾಗ ಕಿಲೋಮೀಟರ್ ನೋಡಬೇಡಿ, ಮಧ್ಯದ ಕಾಯುವಿಕೆ ಎಷ್ಟು, ಯಾವ ಹೊತ್ತಿನಲ್ಲಿ ಬರುತ್ತದೆ ಅಂತ ನೋಡಿ. ಅಪ್ಪ ಅಮ್ಮ ಸುಸ್ತಾಗುವುದು ಆಕಾಶದಲ್ಲಿ ಅಲ್ಲ, ನಿಲ್ದಾಣದ ಕುರ್ಚಿಯಲ್ಲಿ.

ಬಜ್ಪೆಯಿಂದಲೇ ನೇರ ವಿಮಾನ ಯಾಕೆ ಇಲ್ಲ? ದುಬೈಗೆ ಉಂಟಲ್ಲ?

ಬಜ್ಪೆ ನಿಲ್ದಾಣ 1951ರಲ್ಲಿ ಶುರುವಾಯಿತು. ಆಗಿನ ರನ್‌ವೇ 1,600 ಮೀಟರ್ ಆಸುಪಾಸಿನದು. 2006ರಲ್ಲಿ 2,450 ಮೀಟರ್ ಉದ್ದದ ಎರಡನೇ ರನ್‌ವೇ ಬಂತು. ಗಲ್ಫ್‌ಗೆ ನೇರ ವಿಮಾನ ಶುರುವಾದದ್ದೂ ಅದೇ ವರ್ಷ. ಗಲ್ಫ್‌ಗೆ ಹೋಗುವ ಚಿಕ್ಕ ವಿಮಾನಕ್ಕೆ ಇದು ಸಾಕು. ನ್ಯೂಯಾರ್ಕ್ ತನಕ ಹೋಗುವ ದೊಡ್ಡ ವಿಮಾನದ ಕಥೆ ಬೇರೆ. ಅದು ನೂರು ಟನ್‌ಗೂ ಮೀರಿ ಇಂಧನ ತುಂಬಿಕೊಂಡು ಏಳಬೇಕು. ನಮ್ಮ ಕರಾವಳಿಯ ಸೆಖೆಯಲ್ಲಿ ಅಷ್ಟು ಭಾರ ಎತ್ತಲು ತುಂಬ ಉದ್ದದ ರನ್‌ವೇ ಬೇಕಾಗುತ್ತದೆ. ಮುಂಬೈಯ ದೊಡ್ಡ ರನ್‌ವೇ 3,400 ಮೀಟರ್‌ಗೂ ಜಾಸ್ತಿ ಇದೆ. ನಮ್ಮದು ಗುಡ್ಡದ ತಲೆ ಸಮ ಮಾಡಿ ಕಟ್ಟಿದ್ದು. ಎರಡೂ ತುದಿಯಲ್ಲಿ ಕಣಿವೆ. ಉದ್ದ ಮಾಡುವುದು ಸುಲಭ ಅಲ್ಲ.

ಇನ್ನೊಂದು ಕಾರಣ ಜನ. ಮುನ್ನೂರು ಸೀಟು ದಿನವೂ ತುಂಬಬೇಕಲ್ಲ.

ನ್ಯೂಯಾರ್ಕ್ ಅಂದ್ರೆ ಯಾವ ಏರ್‌ಪೋರ್ಟ್? ನಮ್ಮ ಮಗ ನ್ಯೂಜೆರ್ಸಿಯಲ್ಲಿ ಇರುವುದು.

ಹಾಗಾದರೆ ನ್ಯೂವಾರ್ಕ್ ನಿಲ್ದಾಣಕ್ಕೂ ಟಿಕೆಟ್ ನೋಡಿ. ಅದು ನ್ಯೂಜೆರ್ಸಿಯಲ್ಲೇ ಇದೆ. ಕೆನಡಿ ನಿಲ್ದಾಣ ಇರುವುದು ಕ್ವೀನ್ಸ್ ಕಡೆ. ಎರಡರ ನಡುವೆ ಮ್ಯಾನ್‌ಹಟನ್ ಮತ್ತು ಹಡ್ಸನ್ ನದಿ ಇವೆ. ಟ್ರಾಫಿಕ್ ಇದ್ದರೆ ದಾಟಲು ಎರಡು ಗಂಟೆ ಬೇಕಾದೀತು. ಹೆಸರು ಕೇಳಲು ಒಂದೇ ತರಹ ಇರುವುದರಿಂದ ಟಿಕೆಟ್ ಕೈಗೆ ಬಂದ ಮೇಲೆ ಇನ್ನೊಮ್ಮೆ ಓದಿ ನೋಡಿ.

## ಗಡಿಯಾರ ಮತ್ತು ತಾರೀಖು

ಇಲ್ಲಿ ರಾತ್ರಿ ಆದ್ರೆ ಅಲ್ಲಿ ಹಗಲು ಅಂತಾರೆ. ಸರಿಯಾಗಿ ಎಷ್ಟು ಗಂಟೆ ವ್ಯತ್ಯಾಸ?

ಚಳಿಗಾಲದಲ್ಲಿ ಹತ್ತೂವರೆ ಗಂಟೆ, ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ. ಯಾವಾಗಲೂ ನಾವು ಮುಂದೆ, ಅವರು ಹಿಂದೆ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ. ನವೆಂಬರ್ ಮೊದಲ ಭಾನುವಾರ ಮತ್ತೆ ಹಿಂದೆ ಇಡುತ್ತಾರೆ. ನಾವು ಹಾಗೆ ಮಾಡುವುದಿಲ್ಲವಾದ್ದರಿಂದ ನಡುವಿನ ಅಂತರ ಮಾತ್ರ ಬದಲಾಗುತ್ತದೆ.

ಬೆರಳಿನಲ್ಲಿ ಲೆಕ್ಕ ಹಾಕಲು ಸುಲಭದ ದಾರಿ ಹೇಳುತ್ತೇನೆ. ಬೇಸಿಗೆಯಲ್ಲಿ ಅಲ್ಲಿಯ ಸಮಯಕ್ಕೆ ಹತ್ತು ಸೇರಿಸಿ ಅರ್ಧ ಗಂಟೆ ಕಳೆಯಿರಿ. ಚಳಿಗಾಲದಲ್ಲಿ ಹತ್ತು ಸೇರಿಸಿ ಅರ್ಧ ಗಂಟೆ ಕೂಡಿಸಿ. ಮಗಳು ಡಿಸೆಂಬರಿನಲ್ಲಿ ಬೆಳಿಗ್ಗೆ 8ಕ್ಕೆ ಫೋನ್ ಮಾಡಿದರೆ ಇಲ್ಲಿ ಸಂಜೆ ಆರೂವರೆ. ದೇವರಿಗೆ ದೀಪ ಹಚ್ಚುವ ಹೊತ್ತು.

ಟಿಕೆಟ್ ನೋಡಿದ್ರೆ ಹೋಗ್ಲಿಕ್ಕೆ ಕಮ್ಮಿ ಹೊತ್ತು, ಬರ್ಲಿಕ್ಕೆ ಜಾಸ್ತಿ ಹೊತ್ತು ಕಾಣ್ತದೆ. ಯಾಕೆ?

ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ಮುಟ್ಟುವ ಸಮಯ ಮುಟ್ಟುವ ಊರಿನದು. ಒಂದರಿಂದ ಇನ್ನೊಂದನ್ನು ಹಾಗೇ ಕಳೆದರೆ ಲೆಕ್ಕ ತಪ್ಪುತ್ತದೆ. ಒಂದು ಉದಾಹರಣೆ ಮಾಡಿ ನೋಡೋಣ. ಈ ಸಮಯಗಳು ಲೆಕ್ಕಕ್ಕಾಗಿ ನಾನೇ ಇಟ್ಟುಕೊಂಡದ್ದು, ಯಾವುದೇ ಕಂಪನಿಯ ವೇಳಾಪಟ್ಟಿ ಅಲ್ಲ.

ಜನವರಿಯ ಒಂದು ಮಂಗಳವಾರ ರಾತ್ರಿ ಎಂಟೂವರೆಗೆ ಬಜ್ಪೆ ಬಿಡುತ್ತೀರಿ. ಹತ್ತೂ ಹತ್ತಕ್ಕೆ ಮುಂಬೈ. ಅಲ್ಲಿಂದ ರಾತ್ರಿ 2 ಗಂಟೆಗೆ, ಅಂದರೆ ಬುಧವಾರ ಶುರುವಾದ ಮೇಲೆ, ದೊಡ್ಡ ವಿಮಾನ ಹೊರಡುತ್ತದೆ. ಆಗ ನ್ಯೂಯಾರ್ಕ್‌ನಲ್ಲಿ ಇನ್ನೂ ಮಂಗಳವಾರ ಮಧ್ಯಾಹ್ನ ಮೂರೂವರೆ. 16 ಗಂಟೆ ಹಾರಿದರೆ ಅಲ್ಲಿಯ ಬುಧವಾರ ಬೆಳಿಗ್ಗೆ ಏಳೂವರೆಗೆ ಇಳಿಯುತ್ತೀರಿ. ಕಾಗದದಲ್ಲಿ ಮಂಗಳವಾರ ರಾತ್ರಿ ಎಂಟೂವರೆಯಿಂದ ಬುಧವಾರ ಬೆಳಿಗ್ಗೆ ಏಳೂವರೆ ಅಂತ ಇರುತ್ತದೆ. ನೋಡಿದವರಿಗೆ ಹನ್ನೊಂದೇ ಗಂಟೆ ಅನಿಸುತ್ತದೆ. ಅದಕ್ಕೆ ಹತ್ತೂವರೆ ಸೇರಿಸಿ. ಇಪ್ಪತ್ತೊಂದೂವರೆ ಗಂಟೆ, ಅದು ನಿಜವಾದ ಪ್ರಯಾಣ.

ಬರುವಾಗ ತಲೆಕೆಳಗು. ಬುಧವಾರ ಬೆಳಿಗ್ಗೆ 11ಕ್ಕೆ ನ್ಯೂಯಾರ್ಕ್ ಬಿಟ್ಟು, ಗುರುವಾರ ಸಂಜೆ ಐದೂ ಹತ್ತಕ್ಕೆ ಬಜ್ಪೆ ಮುಟ್ಟಿದಿರಿ ಅಂತ ಇಟ್ಟುಕೊಳ್ಳಿ. ಕಾಗದದಲ್ಲಿ 30 ಗಂಟೆ 10 ನಿಮಿಷ. ಹತ್ತೂವರೆ ಗಂಟೆ ಕಳೆದರೆ ಉಳಿಯುವುದು 19 ಗಂಟೆ 40 ನಿಮಿಷ. ನೋಡಿ, ಬರುವ ಪ್ರಯಾಣವೇ ಚಿಕ್ಕದು.

ಕರೆದುಕೊಂಡು ಹೋಗಲು ಬರುವವರಿಗೆ ತಾರೀಖು ಹೇಳುವಾಗ ಹುಷಾರು. ರಾತ್ರಿ 12ರ ನಂತರ ಹೊರಡುವ ವಿಮಾನಕ್ಕೆ ಜನ ಒಂದು ದಿನ ತಡವಾಗಿ ನಿಲ್ದಾಣಕ್ಕೆ ಹೋದದ್ದು ನನಗೆ ಗೊತ್ತು. 15ನೇ ತಾರೀಖು ರಾತ್ರಿ 2 ಗಂಟೆಯ ವಿಮಾನ ಅಂದರೆ 14ನೇ ತಾರೀಖು ರಾತ್ರಿ ಊಟ ಮುಗಿಸಿ ಹೋಗಿ ಕೂತಿರಬೇಕು.

ಏಕಾದಶಿ ಇಲ್ಲಿಯ ಲೆಕ್ಕದಲ್ಲಿ ಮಾಡಬೇಕಾ, ಅಲ್ಲಿಯ ಲೆಕ್ಕದಲ್ಲಾ?

ಉಡುಪಿಯಲ್ಲಿ ಈ ಪ್ರಶ್ನೆ ಬಾರದೆ ಇರುವುದಿಲ್ಲ, ಕೇಳುವವರು ಮನಸ್ಸಿಟ್ಟೇ ಕೇಳುತ್ತಾರೆ. ತಿಥಿ ಶುರುವಾಗುವ ಮತ್ತು ಮುಗಿಯುವ ಕ್ಷಣ ಇಡೀ ಭೂಮಿಗೆ ಒಂದೇ. ಆದರೆ ಯಾವ ದಿನಕ್ಕೆ ಏಕಾದಶಿ ಅನ್ನುವುದು ಆ ಊರಿನ ಸೂರ್ಯೋದಯದ ಮೇಲೆ ನಿಂತಿದೆ. ನಮ್ಮ ಬೆಳಗಾಗಿ ಹತ್ತು ಗಂಟೆಯ ಮೇಲೆ ಅಲ್ಲಿ ಬೆಳಗಾಗುತ್ತದೆ. ಅಷ್ಟರಲ್ಲಿ ತಿಥಿ ಮುಗಿದಿದ್ದರೆ, ನಮಗಿಂತ ಒಂದು ತಾರೀಖು ಮೊದಲೇ ಅಲ್ಲಿ ಏಕಾದಶಿ ಬರುತ್ತದೆ. ಮುಗಿದಿಲ್ಲವಾದರೆ ಅದೇ ತಾರೀಖು. ಹಾಗಾಗಿ ಊರಿನ ಪಂಚಾಂಗವನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋದರೆ ಸಾಲದು. ಅಮೆರಿಕದ ಊರುಗಳಿಗೆ ಅಂತಲೇ ಗಣಿಸಿದ ಪಂಚಾಂಗಗಳಿವೆ, ಅದನ್ನು ನೋಡಬೇಕು. ದಶಮಿ ವೇಧೆಯಂಥ (ಏಕಾದಶಿಗೆ ಹಿಂದಿನ ದಶಮಿ ತಾಗುವುದು) ಸೂಕ್ಷ್ಮಗಳನ್ನು ನಿಮ್ಮ ಮಠದ ಸಂಪ್ರದಾಯ ಬಲ್ಲವರ ಹತ್ತಿರ ಕೇಳಿ. ಸಾಧ್ಯವಾದರೆ ಪ್ರಯಾಣದ ದಿನವನ್ನೇ ಏಕಾದಶಿ ತಪ್ಪಿಸಿ ಇಟ್ಟುಕೊಳ್ಳುವುದು ಒಳ್ಳೆಯದು. ಇಪ್ಪತ್ತು ಗಂಟೆ ನೀರಿಲ್ಲದೆ ವಿಮಾನದಲ್ಲಿ ಕೂರುವುದು ವಯಸ್ಸಾದವರ ದೇಹಕ್ಕೆ ಆಗುವಂಥದ್ದಲ್ಲ.

## ದಾರಿ ಆರಿಸುವುದು, ಹೊರಡುವುದು

ಮುಂಬೈ, ದೆಹಲಿ, ಬೆಂಗಳೂರು, ದುಬೈ. ಯಾವುದು ಹತ್ತಿರದ ದಾರಿ?

ದೂರ ಮಾತ್ರ ನೋಡಿದರೆ ಮುಂಬೈ. ಬಜ್ಪೆಯಿಂದ ಮುಂಬೈಗೆ ಸುಮಾರು 715 ಕಿ.ಮೀ., ಅಲ್ಲಿಂದ ನ್ಯೂಯಾರ್ಕ್‌ಗೆ ಸುಮಾರು 12,530. ಕೂಡಿಸಿದರೆ 13,245. ನೇರ ದೂರಕ್ಕಿಂತ ಐದು ಹತ್ತು ಕಿ.ಮೀ. ಮಾತ್ರ ಜಾಸ್ತಿ! ಮೊದಲ ಸಲ ಈ ಲೆಕ್ಕ ಹಾಕಿದಾಗ ನನಗೆ ಆಶ್ಚರ್ಯವಾಗಿತ್ತು. ಮಂಗಳೂರಿನಿಂದ ನ್ಯೂಯಾರ್ಕ್‌ಗೆ ಎಳೆದ ಗೆರೆ ಮುಂಬೈ ಪಕ್ಕದ ಸಮುದ್ರದ ಮೇಲೇ ಹೋಗುತ್ತದೆ.

ದುಬೈ ಮೂಲಕ ಹೋದರೆ 2,460 ಮತ್ತು 11,020, ಒಟ್ಟು 13,480 ಕಿ.ಮೀ. ಮೊದಲ ಹಾರಾಟ 4 ಗಂಟೆ, ಎರಡನೆಯದು 14 ಗಂಟೆಯ ಆಸುಪಾಸು. ದೆಹಲಿ ಮೂಲಕವೂ ಒಟ್ಟು 13,500. ಸುತ್ತು ಬಳಸು ಅಂದರೂ ಇನ್ನೂರೈವತ್ತು ಕಿ.ಮೀ., ಅದು ವಿಮಾನಕ್ಕೆ ಇಪ್ಪತ್ತು ನಿಮಿಷವೂ ಅಲ್ಲ. ಬೆಂಗಳೂರಿಗೆ ಹೋದರೆ ಮೊದಲು 300 ಕಿ.ಮೀ. ಪೂರ್ವಕ್ಕೆ ಹೋಗಿ ಮತ್ತೆ ಪಶ್ಚಿಮಕ್ಕೆ ತಿರುಗಬೇಕು. ಸಾಮಾನ್ಯವಾಗಿ ಗಲ್ಫ್‌ನಲ್ಲೋ ಯುರೋಪ್‌ನಲ್ಲೋ ಇನ್ನೊಮ್ಮೆ ಇಳಿಯಬೇಕಾಗುತ್ತದೆ.

ಅಬುಧಾಬಿಗೆ ಒಂದು ವಿಶೇಷ ಇದೆ. 2014ರಿಂದ ಅಲ್ಲಿ ಅಮೆರಿಕದ ಇಮಿಗ್ರೇಷನ್ ಅಧಿಕಾರಿಗಳೇ ಕೂತಿದ್ದಾರೆ. ಪಾಸ್‌ಪೋರ್ಟ್ ತಪಾಸಣೆ ಅಲ್ಲೇ ಮುಗಿದರೆ ನ್ಯೂಯಾರ್ಕ್‌ನಲ್ಲಿ ಇಳಿದು, ಬ್ಯಾಗ್ ತೆಗೆದುಕೊಂಡು, ನೇರ ಹೊರಗೆ ನಡೆಯಬಹುದು. ಆದರೆ ಆ ತಪಾಸಣೆಗೆ ಅಬುಧಾಬಿಯಲ್ಲಿ ಸಮಯ ಇಟ್ಟುಕೊಳ್ಳಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಭಾಷೆಯ ಅಂಜಿಕೆ ಇರುವ ಹಿರಿಯರಿಗೆ ಒಮ್ಮೆ ಮಾತ್ರ ಇಳಿದು ಹತ್ತುವ ದಾರಿ ಆರಿಸಿ. ಮುಂಬೈ ಅಥವಾ ದೆಹಲಿಯಿಂದ ನೇರ ವಿಮಾನ ನಿಮ್ಮ ತಿಂಗಳಿಗೆ ಇದೆಯಾ ಅಂತ ಮೊದಲು ನೋಡಿ. ವೇಳಾಪಟ್ಟಿ ಬದಲಾಗುತ್ತಲೇ ಇರುತ್ತದೆ. ಇಳಿಯುವ ಜಾಗ ನಮ್ಮ ದೇಶದ್ದಾದರೆ ದಾರಿ ಕೇಳಲು ಹಿಂದಿ ಸಾಕು. ಹತ್ತು ಸಾವಿರ ಜಾಸ್ತಿ ಆದರೂ ಪರವಾಗಿಲ್ಲ.

ಎರಡು ಟಿಕೆಟ್ ಬೇರೆ ಬೇರೆ ಮಾಡಿದ್ರೆ ಕಮ್ಮಿಗೆ ಸಿಗ್ತದೆ. ಮಾಡ್ಬಹುದಾ?

ದಯವಿಟ್ಟು ಅಪ್ಪ ಅಮ್ಮನಿಗೆ ಹಾಗೆ ಮಾಡಬೇಡಿ. ನಾನು ಮಾಡಿದ್ದೆ. ಮಂಗಳೂರು ಮುಂಬೈ ಒಂದು ಕಂಪನಿ, ಮುಂಬೈ ನ್ಯೂಯಾರ್ಕ್ ಇನ್ನೊಂದು. ಜುಲೈ ತಿಂಗಳು. ಬಜ್ಪೆಯಲ್ಲಿ ಮಳೆ, ಮೋಡ. ವಿಮಾನ ಮೂರು ಗಂಟೆ ತಡ. ಅವರು ಮುಂಬೈಗೆ ಇಳಿಯುವಾಗ ದೊಡ್ಡ ವಿಮಾನದ ಚೆಕ್‌ಇನ್ ಮುಚ್ಚಿತ್ತು. ನಿಮ್ಮ ಹಿಂದಿನ ವಿಮಾನಕ್ಕೂ ನಮಗೂ ಸಂಬಂಧ ಇಲ್ಲ ಅಂದರು. ನಿಯಮದ ಪ್ರಕಾರ ಅವರು ಹೇಳಿದ್ದು ಸರಿಯೇ. ಅಪ್ಪ ಅಮ್ಮ ರಾತ್ರಿ ಇಡೀ ನಿಲ್ದಾಣದ ಬೆಂಚಿನಲ್ಲಿ ಕೂತರು. ಅಮ್ಮನ ಬಿಪಿ ಮಾತ್ರೆ ದೊಡ್ಡ ಬ್ಯಾಗಿನ ತಳದಲ್ಲಿತ್ತು. ಮರುದಿನ ಹೊಸ ಟಿಕೆಟ್‌ಗೆ ಕೊಟ್ಟ ದುಡ್ಡು ನಾನು ಉಳಿಸಿದ್ದರ ಎಷ್ಟೋ ಪಾಲು. ದುಡ್ಡಿನದ್ದು ಮರೆತೆ. ಬೆಳಿಗ್ಗೆ ಫೋನಿನಲ್ಲಿ ಕೇಳಿದ ಅಮ್ಮನ ದನಿ ಮರೆತಿಲ್ಲ. ಈ ಪ್ರಶ್ನೋತ್ತರ ಬರೆಯಲು ಕೂತದ್ದೇ ಅದರಿಂದ.

ಎಲ್ಲಾ ಹಾರಾಟಗಳೂ ಒಂದೇ ಪಿಎನ್‌ಆರ್‌ನಲ್ಲಿ ಇದ್ದರೆ ಮೊದಲ ವಿಮಾನ ತಡವಾದಾಗ ಮುಂದಿನದಕ್ಕೆ ಕೂರಿಸುವ ಹೊಣೆ ಕಂಪನಿಯದು. ಬ್ಯಾಗ್‌ಗೆ ಬಜ್ಪೆಯಲ್ಲೇ ನ್ಯೂಯಾರ್ಕ್ ತನಕದ ಚೀಟಿ ಅಂಟಿಸುತ್ತಾರೆ. ಬೇರೆ ಬೇರೆ ಟಿಕೆಟ್ ಆದರೆ ಮಧ್ಯದಲ್ಲಿ ಬ್ಯಾಗ್ ತೆಗೆದುಕೊಂಡು ಹೊರಗೆ ಬಂದು ಮತ್ತೆ ಕೊಡಬೇಕು. ದೇಶದೊಳಗಿನ ವಿಮಾನದಲ್ಲಿ ತೂಕದ ಮಿತಿಯೂ ಕಮ್ಮಿ. ಮುಂಬೈಯಲ್ಲಿ ಟರ್ಮಿನಲ್ ಬೇರೆ ಆದರೆ ಊರಿನ ರಸ್ತೆಯಲ್ಲಿ ಸುತ್ತಿ ಹೋಗಬೇಕು. ಗಲ್ಫ್‌ನಲ್ಲಿ ಹೊರಗೆ ಬರಬೇಕಾದರೆ ವೀಸಾದ ಪ್ರಶ್ನೆಯೂ ಏಳುತ್ತದೆ.

ಮಧ್ಯೆ ಎಷ್ಟು ಗಂಟೆ ಇದ್ರೆ ಸಾಕು?

ಒಂದೇ ಟಿಕೆಟ್, ಒಂದೇ ಟರ್ಮಿನಲ್, ಪ್ರಯಾಣ ಮಾಡಿ ಅಭ್ಯಾಸ ಇರುವವರು ಅಂದರೆ ಎರಡೂವರೆ ಗಂಟೆ ಸಾಕು. ಹಿರಿಯರಿಗೆ ನಾಲ್ಕು ಗಂಟೆ ಇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಇನ್ನೊಂದು ಗಂಟೆ ಜಾಸ್ತಿ ಇಡಿ. ಮಳೆಗಾಲದಲ್ಲಿ ಬಜ್ಪೆ ಗುಡ್ಡದ ಮೇಲೆ ಮೋಡ ಕವಿದರೆ, ಬರಬೇಕಾದ ವಿಮಾನ ಇಳಿಯಲಾಗದೆ ಬೆಂಗಳೂರಿಗೋ ಕಣ್ಣೂರಿಗೋ ಹೋಗುವುದುಂಟು. ಆ ವಿಮಾನ ಬಾರದೆ ನಿಮ್ಮದು ಹೊರಡುವುದಿಲ್ಲ. ಎಂಟು ಗಂಟೆಗಿಂತ ಜಾಸ್ತಿ ಕಾಯಬೇಕಾದ ಟಿಕೆಟ್ ಕಮ್ಮಿಗೆ ಸಿಕ್ಕಿದರೂ ಬೇಡ ಅಂತಲೇ ಹೇಳುತ್ತೇನೆ.

ಗಾಲಿ ಕುರ್ಚಿ ಕೇಳಲು ಯಾರೂ ನಾಚಬೇಕಿಲ್ಲ. ಅದಕ್ಕೆ ದುಡ್ಡಿಲ್ಲ, ಟಿಕೆಟ್ ಮಾಡುವಾಗಲೇ ಹೇಳಬೇಕು. ಮಂಡಿ ನೋವು ಇರುವವರಿಗೆ ದೊಡ್ಡ ಉಪಕಾರ. ಆದರೆ ಒಂದು ತಿಳಿದಿರಲಿ. ಗಾಲಿ ಕುರ್ಚಿಯವರನ್ನು ವಿಮಾನದಿಂದ ಕೊನೆಗೆ ಇಳಿಸುತ್ತಾರೆ, ಕುರ್ಚಿ ಬರುವ ತನಕ ಕಾಯಿಸುತ್ತಾರೆ. ಅವಸರದ ಕನೆಕ್ಷನ್ ಇದಕ್ಕೆ ಹೊಂದುವುದಿಲ್ಲ.

ಉಡುಪಿಯಿಂದ ಎಷ್ಟು ಹೊತ್ತಿಗೆ ಹೊರಡಬೇಕು?

ಉಡುಪಿಯಿಂದ ಬಜ್ಪೆ ಸುಮಾರು 55ರಿಂದ 60 ಕಿ.ಮೀ. ಮೂಲ್ಕಿ, ಕಿನ್ನಿಗೋಳಿ, ಕಟೀಲು ದಾರಿಯಲ್ಲಿ ಹೋದರೂ, ಹೆದ್ದಾರಿಯಲ್ಲಿ ಸುರತ್ಕಲ್ ದಾಟಿ ಹೋದರೂ ಒಂದೂವರೆ ಗಂಟೆ. ವಿಮಾನದ ಸಮಯಕ್ಕೆ ನಾಲ್ಕು ಗಂಟೆ ಮೊದಲು ಮನೆ ಬಿಟ್ಟರೆ ನೆಮ್ಮದಿ. ಕಟೀಲಿನಲ್ಲಿ ಕೈಮುಗಿದು ಹೋಗುವ ಮನಸ್ಸಿದ್ದರೆ ಅದಕ್ಕೂ ಸಮಯ ಇಟ್ಟುಕೊಳ್ಳಿ. ಕುಂದಾಪುರದವರು ಇನ್ನೊಂದು ಗಂಟೆ ಮೊದಲು.

ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಅಲ್ಲಿಂದ ವಿಮಾನ ಹತ್ತುವವರು ಮಳೆಗಾಲದಲ್ಲಿ ಶಿರಾಡಿ ಘಾಟಿಯನ್ನು ನೆನಪಿಡಬೇಕು. ಗುಡ್ಡ ಜರಿದು ರಸ್ತೆ ಮುಚ್ಚಿದರೆ ಎಂಟು ಗಂಟೆಯ ದಾರಿ ಎಷ್ಟಾಗುತ್ತದೋ ಹೇಳಲಾಗದು. ಒಂದು ದಿನ ಮೊದಲೇ ಹೋಗಿ ನೆಂಟರ ಮನೆಯಲ್ಲಿ ಉಳಿಯಿರಿ.

ನ್ಯೂಯಾರ್ಕ್‌ನಲ್ಲಿ ಇಳಿದ ಮೇಲೆ ಇಮಿಗ್ರೇಷನ್ ಸಾಲು, ಬ್ಯಾಗ್, ಮನೆಗೆ ಕಾರು, ಎಲ್ಲಾ ಸೇರಿ ಮೂರು ಗಂಟೆ ಹಿಡಿಯಿರಿ. ಹಾಗೆ ನೋಡಿದರೆ ಮನೆಯ ಬಾಗಿಲಿನಿಂದ ಮಗಳ ಬಾಗಿಲಿಗೆ 28 ಗಂಟೆ ಅಂದುಕೊಂಡು ಹೊರಡುವುದು ಸರಿ.

ಅಷ್ಟು ಹೊತ್ತು ಕೂತ್ರೆ ಕಾಲು ಊದಿಕೊಳ್ತದಾ? ಮಾತ್ರೆ ಯಾವ ಹೊತ್ತಿಗೆ ತೆಗೊಳ್ಳುವುದು?

ಊದಿಕೊಳ್ಳುತ್ತದೆ. ಗಂಟೆಗೊಮ್ಮೆ ಎದ್ದು ನಡೆಯಿರಿ, ಕೂತಲ್ಲೇ ಪಾದ ಮೇಲೆ ಕೆಳಗೆ ಮಾಡಿ, ನೀರು ಕುಡಿಯುತ್ತಿರಿ. ದಾರಿ ಬದಿಯ ಸೀಟು ಇದ್ದರೆ ಏಳಲು ಸಂಕೋಚ ಇರುವುದಿಲ್ಲ. ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದವರು ಡಾಕ್ಟರ್ ಹತ್ತಿರ ಕೇಳದೆ ಹೊರಡಬೇಡಿ.

ಮಾತ್ರೆ ಎಲ್ಲಾ ಕೈಚೀಲದಲ್ಲೇ ಇರಲಿ, ಡಾಕ್ಟರ್ ಚೀಟಿಯ ಜೊತೆ. ಹೊತ್ತಿನ ವಿಷಯದಲ್ಲಿ ಗಡಿಯಾರ ನೋಡಿದರೆ ಗೊಂದಲ ಆಗುತ್ತದೆ. ಹಿಂದಿನ ಮಾತ್ರೆ ತೆಗೆದುಕೊಂಡು ಎಷ್ಟು ಗಂಟೆ ಆಯಿತು ಅಂತ ಲೆಕ್ಕ ಇಡುವುದು ಸುಲಭ. ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಇಡೀ ಪ್ರಯಾಣದ ಪಟ್ಟಿ ತೋರಿಸಿ ಡಾಕ್ಟರ್ ಕೈಯಲ್ಲೇ ಬರೆಸಿಕೊಳ್ಳಿ. ಅಲ್ಲಿ ಮುಟ್ಟಿದ ಮೇಲೆ ಹಗಲು ನಿದ್ದೆ, ರಾತ್ರಿ ಎಚ್ಚರ ಒಂದು ವಾರ ಇರುತ್ತದೆ. ಬೆಳಿಗ್ಗೆ ಬಿಸಿಲಿನಲ್ಲಿ ಅಂಗಳದಲ್ಲಿ ಅಡ್ಡಾಡಿದರೆ ಬೇಗ ಸರಿಹೋಗುತ್ತದೆ.

## ಇನ್ನೂ ಆಳಕ್ಕೆ ಹೋಗುವವರಿಗೆ

ಅಮೆರಿಕ ಪಶ್ಚಿಮಕ್ಕಲ್ವಾ? ವಿಮಾನ ಉತ್ತರಕ್ಕೆ ಯಾಕೆ ಹೋಗುವುದು?

ಗೋಡೆಯ ಭೂಪಟ ನಮಗೆ ಹಾಗೆ ಅನಿಸುವಂತೆ ಮಾಡಿದೆ. ಭೂಪಟದಲ್ಲಿ ಮಂಗಳೂರಿನಿಂದ ಎಡಕ್ಕೆ ಹೋದರೆ ಏಡನ್, ಆಫ್ರಿಕಾ, ಅಟ್ಲಾಂಟಿಕ್ ಸಮುದ್ರ, ಆಮೇಲೆ ಅಮೆರಿಕ. ಆದರೆ ಭೂಮಿ ಉರುಟು. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಮಲ್ಲಿಗೆ ಕಟ್ಟುವ ಬಾಳೆನಾರು ಒಂದನ್ನು ಒದ್ದೆ ಮಾಡಿ ತೆಗೆದುಕೊಳ್ಳಿ. ಒಂದು ತುದಿ ಮಂಗಳೂರಿನ ಮೇಲೆ, ಇನ್ನೊಂದು ನ್ಯೂಯಾರ್ಕ್ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ನಾರು ತಾನಾಗಿ ಮೇಲಕ್ಕೆ ಜಾರುತ್ತದೆ. ಉತ್ತರಕ್ಕೆ ಮುಖ ಮಾಡಿ ಸ್ವಲ್ಪ ಎಡಕ್ಕೆ ವಾಲಿಕೊಂಡು ಹೊರಟು, ಪಾಕಿಸ್ತಾನ, ಅಫ್ಘಾನಿಸ್ತಾನದ ಕಡೆ ದಾಟಿ, ರಷ್ಯಾದಲ್ಲಿ ಮಾಸ್ಕೋದಿಂದ ಸ್ವಲ್ಪ ಕೆಳಗೆ ಹಾದು, ಸ್ವೀಡನ್, ನಾರ್ವೆ, ಐಸ್‌ಲ್ಯಾಂಡ್‌ನ ದಕ್ಷಿಣದ ಅಂಚು, ಗ್ರೀನ್‌ಲ್ಯಾಂಡ್‌ನ ತುದಿಯ ಕೆಳಗಿನ ಸಮುದ್ರ, ಕೆನಡಾದ ಲ್ಯಾಬ್ರಡಾರ್, ಆಮೇಲೆ ನ್ಯೂಯಾರ್ಕ್. ಅತಿ ಮೇಲೆ ಹೋದಲ್ಲಿ 64ನೇ ಅಕ್ಷಾಂಶ. 13ನೇ ಅಕ್ಷಾಂಶದಿಂದ ಹೊರಟು 40ನೆಯದಕ್ಕೆ ಹೋಗಲು 64ಕ್ಕೆ ಏರಿ ಇಳಿಯುವುದೇ ಹತ್ತಿರದ ದಾರಿ. ಉರುಟು ಭೂಮಿಯ ಮೇಲೆ ಬಿಗಿಯಾಗಿ ಎಳೆದ ಈ ಗೆರೆಗೆ ಮಹಾವೃತ್ತ ಅಂತ ಹೆಸರು.

ನಾರಿನ ಈ ಪ್ರಯೋಗವನ್ನು ಮೊಮ್ಮಕ್ಕಳ ಜೊತೆ ಕೂತು ಒಮ್ಮೆ ಮಾಡಿ. ಪಾಠದಲ್ಲಿ ಹತ್ತು ಪುಟ ಓದಿದ್ದಕ್ಕಿಂತ ಚೆನ್ನಾಗಿ ತಲೆಗೆ ಹೋಗುತ್ತದೆ.

ಹೋಗುವಾಗ 16 ಗಂಟೆ, ಬರುವಾಗ 14 ಗಂಟೆ. ದಾರಿ ಒಂದೇ ಅಲ್ವಾ?

ದಾರಿಗಿಂತ ಗಾಳಿ ಮುಖ್ಯ. ವಿಮಾನ ಹಾರುವ ಹತ್ತು, ಹನ್ನೊಂದು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿಯ ಹೊಳೆ ಹರಿಯುತ್ತದೆ. ಇದಕ್ಕೆ ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಚಳಿಗಾಲದಲ್ಲಿ ಇದರ ಜೋರು ಜಾಸ್ತಿ. ದೋಣಿಯವರಿಗೆ ಇದು ಹೇಳಿಕೊಡಬೇಕಿಲ್ಲ. ಹೊಳೆಯ ನೀರಿಗೆ ಎದುರಾಗಿ ಹುಟ್ಟು ಹಾಕುವುದಕ್ಕೂ, ನೀರಿನ ಜೊತೆ ಹೋಗುವುದಕ್ಕೂ ಇರುವ ವ್ಯತ್ಯಾಸವೇ ಇದು.

ಲೆಕ್ಕ ನೋಡಿ. ವಿಮಾನದ ವೇಗ 900. ಎದುರು ಗಾಳಿ ಸರಾಸರಿ 50 ಇದ್ದರೆ ನೆಲದ ಲೆಕ್ಕದಲ್ಲಿ 850. ಮುಂಬೈಯಿಂದ 12,530 ಕಿ.ಮೀ. ದಾಟಲು 14 ಗಂಟೆ 45 ನಿಮಿಷ. ಬೆನ್ನಿಗೆ 50 ಸಿಕ್ಕಿದರೆ 950, ಆಗ 13 ಗಂಟೆ 10 ನಿಮಿಷ. ಏರುವುದು, ಇಳಿಯುವುದು, ಸುತ್ತು ದಾರಿ ಸೇರಿ ಎರಡಕ್ಕೂ ಸ್ವಲ್ಪ ಕೂಡುತ್ತದೆ. ಪೈಲಟ್‌ಗಳು ಬರುವಾಗ ಗಾಳಿ ಹುಡುಕಿ ಹೋಗುತ್ತಾರೆ, ಹೋಗುವಾಗ ಅದನ್ನು ತಪ್ಪಿಸುತ್ತಾರೆ. ಹಾಗಾಗಿ ಎರಡು ಸಲದ ದಾರಿಯೂ ಒಂದೇ ಇರುವುದಿಲ್ಲ. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಬೆನ್ನೇರಿ ಒಂದು ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 5 ಗಂಟೆಯೊಳಗೆ ಮುಟ್ಟಿತ್ತು. ಸಾಮಾನ್ಯವಾಗಿ ಅದಕ್ಕೆ ಆರೂವರೆ ಗಂಟೆ ಬೇಕು.

ಅದೇ ವಿಮಾನ ಹಿಂದಿನ ಸಲ ಕಮ್ಮಿ ಹೊತ್ತು ತೆಗೊಂಡಿತ್ತು. ಈಗ ಯಾಕೆ ಜಾಸ್ತಿ?

ಆಕಾಶಕ್ಕೂ ಗಡಿ ಇದೆ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. 2019ರಲ್ಲೂ ಫೆಬ್ರವರಿ ಕೊನೆಯಿಂದ ಜುಲೈ ತನಕ ಹೀಗೆ ಆಗಿತ್ತು. ಬಾಳೆನಾರಿನ ಗೆರೆ ಹೋಗುವುದು ಸರಿಯಾಗಿ ಅಲ್ಲೇ. ದಾರಿ ಮುಚ್ಚಿದಾಗ ಭಾರತದ ಕಂಪನಿಗಳ ವಿಮಾನ ಅರಬ್ಬೀ ಸಮುದ್ರದ ಮೇಲೆ ಸುತ್ತಿ ಹೋಗಬೇಕು. ಅವುಗಳಲ್ಲಿ ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ಇಂಧನಕ್ಕೆ ಅಂತ ಯುರೋಪ್‌ನಲ್ಲಿ ಇಳಿದು ಹೋಗಬೇಕಾಯಿತು. ಇನ್ನೊಂದು ಕಡೆ 2022ರಿಂದ ಅಮೆರಿಕ, ಯುರೋಪ್‌ನ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿದೆ. ಭಾರತದ ಕಂಪನಿಗಳಿಗೆ ಅದು ಮುಚ್ಚಿಲ್ಲ. ಹೀಗೆ ಒಂದೇ ಊರಿಗೆ ಹೋಗುವ ಎರಡು ಕಂಪನಿಗಳ ದಾರಿ, ಹೊತ್ತು ಎರಡೂ ಬೇರೆ ಆಗುತ್ತದೆ. ಟಿಕೆಟ್ ಮಾಡುವ ವಾರದಲ್ಲಿ ಯಾವ ಆಕಾಶ ತೆರೆದಿದೆ ಅಂತ ಒಮ್ಮೆ ಕೇಳಿಕೊಳ್ಳಿ.

ನಮ್ಮ ಮಗಳು ಕ್ಯಾಲಿಫೋರ್ನಿಯಾದಲ್ಲಿ. ಅದು ನ್ಯೂಯಾರ್ಕ್‌ಗಿಂತ ತುಂಬ ದೂರ ಅಲ್ವಾ?

ಅಷ್ಟೇನೂ ಇಲ್ಲ. ನ್ಯೂಯಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 4,150 ಕಿ.ಮೀ. ಇದ್ದರೂ, ಮಂಗಳೂರಿನಿಂದ ನೇರ ಅಳೆದರೆ 14,100 ಕಿ.ಮೀ. ಮಾತ್ರ. ಒಂಬೈನೂರು ಕಿ.ಮೀ. ಕೂಡ ಜಾಸ್ತಿ ಇಲ್ಲ. ಈ ಗೆರೆ ಚೀನಾ, ಸೈಬೀರಿಯಾ ಮೇಲೆ ಹೋಗಿ ಭೂಮಿಯ ನೆತ್ತಿಯ ಪಕ್ಕದಿಂದ ಆಚೆಗೆ ಇಳಿಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಗಿದ್ದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ, ಸುಮಾರು 17 ಗಂಟೆಯಲ್ಲಿ ನಮ್ಮ ಬೆಂಗಳೂರಿಗೆ ಬಂದಿಳಿದರು. ಆ ಸುದ್ದಿ ಓದಿದ ದಿನದ ಹೆಮ್ಮೆ ನನಗೆ ಈಗಲೂ ಇದೆ.

ಹಾಗಾಗಿ ಕ್ಯಾಲಿಫೋರ್ನಿಯಾಕ್ಕೆ ನ್ಯೂಯಾರ್ಕ್ ಮೂಲಕವೇ ಹೋಗಬೇಕು ಅಂತ ಇಲ್ಲ. ಹಾಗೆ ಹೋದರೆ ಅಮೆರಿಕದಲ್ಲಿ ಮೊದಲು ಇಳಿದಲ್ಲೇ ಬ್ಯಾಗ್ ತೆಗೆದುಕೊಂಡು ಮತ್ತೆ ಕೊಡಬೇಕಾಗುತ್ತದೆ. ಗಡಿಯಾರದ ಅಂತರ ಅಲ್ಲಿಗೆ ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ.

ಹಗಲು ಹೊತ್ತಿನ ವಿಮಾನದಲ್ಲಿ ಹೋದೆವು. ಎಷ್ಟು ಹೊತ್ತಾದ್ರೂ ಸೂರ್ಯ ಮುಳುಗಲೇ ಇಲ್ಲ. ಅದು ಹೇಗೆ?

ಈ ಪ್ರಶ್ನೆ ಕೇಳಿದವರು ಕಾಪು ಕಡೆಯ ಒಬ್ಬರು ಅಜ್ಜಿ. ಬಾಕಿ ಎಲ್ಲರೂ ಕಿಟಕಿ ಮುಚ್ಚಿ ಮಲಗಿದ್ದಾಗ ಅವರು ಹೊರಗೆ ನೋಡುತ್ತಾ ಕೂತಿದ್ದರಂತೆ.

ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಸಮಭಾಜಕದಲ್ಲಿ ಆ ವೇಗ ಗಂಟೆಗೆ 1,670 ಕಿ.ಮೀ. ಮಂಗಳೂರಿನಲ್ಲಿ 1,600ಕ್ಕೂ ಸ್ವಲ್ಪ ಜಾಸ್ತಿ. ಉತ್ತರಕ್ಕೆ ಹೋದ ಹಾಗೆ ಸುತ್ತು ಚಿಕ್ಕದಾಗುತ್ತದೆ, ವೇಗ ಇಳಿಯುತ್ತದೆ. 60ನೇ ಅಕ್ಷಾಂಶದಲ್ಲಿ ಅದು 835. ಐಸ್‌ಲ್ಯಾಂಡ್ ಹತ್ತಿರ ಇನ್ನೂ ಕಮ್ಮಿ. ನಿಮ್ಮ ವಿಮಾನ ಅಲ್ಲಿ ಪಶ್ಚಿಮಕ್ಕೆ 850, 900ರಲ್ಲಿ ಹೋಗುತ್ತಿರುತ್ತದೆ. ಅಂದರೆ ಭೂಮಿ ತಿರುಗುವುದಕ್ಕಿಂತ ನೀವೇ ಜೋರು. ಸೂರ್ಯ ಇದ್ದಲ್ಲೇ ನಿಂತ ಹಾಗೆ ಕಾಣುತ್ತದೆ. ಚಳಿಗಾಲದ ಮುಸ್ಸಂಜೆಯಲ್ಲಿ ಆ ಭಾಗ ದಾಟಿದರೆ, ಮುಳುಗಿದ ಸೂರ್ಯ ಪಶ್ಚಿಮದಲ್ಲೇ ಮತ್ತೆ ಸ್ವಲ್ಪ ಮೇಲೆ ಬರುವುದೂ ಉಂಟು. ರಂಜಾನ್ ಉಪವಾಸ ಹಿಡಿದು ಹಗಲು ವಿಮಾನದಲ್ಲಿ ಹೋಗುವವರು ಇದನ್ನು ಮೊದಲೇ ತಿಳಿದಿರಬೇಕು. ಆ ದಿನದ ಹಗಲು ತುಂಬ ಉದ್ದ. ಪ್ರಯಾಣಿಕರು ಉಪವಾಸವನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಲು ಅವಕಾಶ ಇದೆ.

ಅಲ್ಲಿ ಸೂರ್ಯ ದಕ್ಷಿಣದ ಕಡೆ ಇರುತ್ತದೆ. ನೀವು ಪಶ್ಚಿಮಕ್ಕೆ ಹೋಗುತ್ತಿರುತ್ತೀರಿ. ನೋಡಬೇಕು ಅನ್ನುವವರು ಎಡಬದಿಯ ಕಿಟಕಿ ಸೀಟು ಕೇಳಿ.